ಸಾಕ್ಷಿ ನುಡಿದವರು, ಸಾಕ್ಷಿ ಕೇಳಿದವರು

ಸಾಕ್ಷಿ ಎಂಬ ಶಬ್ದದೊಳಗೆ ಕಣ್ಣಿದೆ. ಅಕ್ಷಿಯಿಂದ ಕೂಡಿದವನು, ಎಂದರೆ ತನ್ನ ಕಣ್ಣಿನಿಂದಲೇ ಕಂಡವನು ಸಾಕ್ಷಿ. ಕನ್ನಡದಲ್ಲಿ ಈ ಶಬ್ದಕ್ಕೆ ಎರಡು ನೆಲೆಗಳುಂಟು. ನ್ಯಾಯಾಲಯದಲ್ಲಿ ನಿಂತು ನುಡಿಯುವವನೂ ಸಾಕ್ಷಿ, ಒಳಗೆ ಕುಳಿತು ಎಚ್ಚರಿಸುವುದೂ ಮನಸ್ಸಾಕ್ಷಿ. ಹೊರಗಿನ ಸಾಕ್ಷಿ ಸುಳ್ಳಾಡುವಾಗ ಒಳಗಿನ ಸಾಕ್ಷಿ ಏನು ಮಾಡುತ್ತಿರುತ್ತದೆ ಎಂಬುದು ನೀತಿಚಿಂತನೆಯನ್ನು ಎಲ್ಲ ಕಾಲದಲ್ಲಿಯೂ ಕಾಡಿದ ಪ್ರಶ್ನೆ. ಆದರೆ ಈ ಪ್ರಶ್ನೆಯನ್ನು ಸಾಮಾನ್ಯವಾಗಿ ನುಡಿಯುವವನ ಕುರಿತಾಗಿ ಮಾತ್ರ ಕೇಳಲಾಗುತ್ತದೆ. ಸಾಕ್ಷ್ಯವನ್ನು ಕೇಳಿಸಿಕೊಳ್ಳುವವನ ಹೊಣೆಯೇನು ಎಂದು ವಿಚಾರಿಸುವವರು ವಿರಳ. ಅಮೆರಿಕದ ಲೇಖಕಿ ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಯಲ್ಲಿ ಬರುವ ನ್ಯಾಯಾಲಯದ ಪ್ರಕರಣವು ಈ ಎರಡನೆಯ ಪ್ರಶ್ನೆಯನ್ನು ಓದುಗರ ಎದುರಿಗೆ ಇಡುತ್ತದೆ. ಆ ಕೃತಿಯನ್ನು ಮತ್ತೆ ಓದಿ ವಿಚಾರಿಸಬೇಕಾದುದು ಈ ಕಾರಣಕ್ಕಾಗಿಯೇ.

1926ರಲ್ಲಿ ಅಲಬಾಮ ರಾಜ್ಯದ ಮನ್ರೋವಿಲ್ ಎಂಬ ಸಣ್ಣ ಊರಿನಲ್ಲಿ, ವಕೀಲರೊಬ್ಬರ ಮಗಳಾಗಿ ಹುಟ್ಟಿದ ಹಾರ್ಪರ್ ಲೀ ಈ ಕಾದಂಬರಿಯನ್ನು ಪ್ರಕಟಿಸಿದ್ದು 1960ರಲ್ಲಿ. ಮರುವರ್ಷವೇ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂದಿತು. 1962ರಲ್ಲಿ ಗ್ರೆಗರಿ ಪೆಕ್ ಅಭಿನಯದ ಚಲನಚಿತ್ರವೂ ತೆರೆಗೆ ಬಂದು, ಆಟಿಕಸ್ ಫಿಂಚ್ ಎಂಬ ವಕೀಲನ ಪಾತ್ರವು ನ್ಯಾಯನಿಷ್ಠೆಗೆ ಪರ್ಯಾಯಪದವೆಂಬಂತೆ ಜನಮನದಲ್ಲಿ ನೆಲೆಯೂರಿತು. 2016ರಲ್ಲಿ ಲೇಖಕಿ ನಿಧನರಾದಾಗ ಬಂದ ಶ್ರದ್ಧಾಂಜಲಿಗಳಲ್ಲಿಯೂ ಆಟಿಕಸ್‌ನ ಹೆಸರೇ ಮುಂದಿತ್ತು. ವಕೀಲನ ಘನತೆಯ ಮೇಲೆ ಬಿದ್ದ ಈ ಬೆಳಕಿನಲ್ಲಿ ಕಟಕಟೆಯಲ್ಲಿ ನಿಂತವರೂ ಜ್ಯೂರಿಯ ಆಸನಗಳಲ್ಲಿ ಕುಳಿತವರೂ ಸ್ವಲ್ಪ ಮಸುಕಾಗಿದ್ದಾರೆ. ವಿಮರ್ಶೆಯು ಗಮನ ಹರಿಸಬೇಕಾದುದು ಅವರ ಕಡೆಗೆ.

ಕಾಲ ಮತ್ತು ಕಥೆ

ಕಥೆ ನಡೆಯುವುದು 1930ರ ದಶಕದ ಮಧ್ಯಭಾಗದಲ್ಲಿ, ಅಲಬಾಮದ ಮೇಕೋಮ್ ಎಂಬ ಕಲ್ಪಿತ ಊರಿನಲ್ಲಿ. ಅದು ಅಮೆರಿಕವು ಘೋರವಾದ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದ ಕಾಲ. ಕಥೆಯನ್ನು ಹೇಳುವವಳು ಆಟಿಕಸ್‌ನ ಮಗಳು ಸ್ಕೌಟ್. ಬೆಳೆದ ಮೇಲೆ ತನ್ನ ಬಾಲ್ಯವನ್ನು ನೆನೆದು ಹೇಳುವ ಆಕೆಯ ನಿರೂಪಣೆಯಲ್ಲಿ ಮಗುವಿನ ಕಣ್ಣೂ ಹಿರಿಯರ ವಿವೇಕವೂ ಬೆರೆತಿವೆ. ಟಾಮ್ ರಾಬಿನ್ಸನ್ ಎಂಬ ಇಪ್ಪತ್ತೈದು ವರ್ಷದ ಕಪ್ಪು ಕೂಲಿಕಾರನ ಮೇಲೆ, ಮೇಯೆಲ್ಲಾ ಯೂವೆಲ್ ಎಂಬ ಹತ್ತೊಂಬತ್ತು ವರ್ಷದ ಬಿಳಿಯ ಯುವತಿಯ ಮೇಲೆ ಅತ್ಯಾಚಾರ ನಡೆಸಿದನೆಂಬ ಆರೋಪ ಬರುತ್ತದೆ. ಆರೋಪ ಸ್ಥಾಪಿತವಾದರೆ ಮರಣದಂಡನೆ. ನ್ಯಾಯಾಧೀಶ ಟೇಲರನು ಆರೋಪಿಯ ಪರವಾಗಿ ವಾದಿಸಲು ಆಟಿಕಸ್‌ನನ್ನು ನೇಮಿಸುತ್ತಾನೆ. ಊರಿನ ಬಹುಪಾಲು ಬಿಳಿಯರು ಅವನ ಮೇಲೆ ಮುನಿಯುತ್ತಾರೆ. ಅವನು ವಕೀಲನಾಗಿ ನಿಂತುದಕ್ಕಿಂತಲೂ ಹೆಚ್ಚಾಗಿ, ಮನಸ್ಸಿಟ್ಟು ವಾದಿಸಲು ಹೊರಟುದೇ ಅವರಿಗೆ ಅಸಹನೀಯವಾಗುತ್ತದೆ.

ನ್ಯಾಯಾಲಯದ ಕಟ್ಟಡವೇ ಅಲ್ಲಿನ ಸಮಾಜದ ನಕ್ಷೆಯಂತಿದೆ. ಕೆಳಗಿನ ಸಭಾಂಗಣದಲ್ಲಿ ಬಿಳಿಯರು, ಮೇಲಿನ ಬಾಲ್ಕನಿಯಲ್ಲಿ ಕಪ್ಪು ಜನರು. ಜ್ಯೂರಿಯ ಹನ್ನೆರಡು ಮಂದಿಯೂ ಬಿಳಿಯ ಗಂಡಸರು. ಇದರ ಹಿಂದೆ ದೀರ್ಘವಾದ ಇತಿಹಾಸವಿದೆ. ಗುಲಾಮಗಿರಿಯ ಕಾಲದಲ್ಲಿ ದಕ್ಷಿಣದ ರಾಜ್ಯಗಳ ಕಾನೂನು, ಬಿಳಿಯನ ವಿರುದ್ಧ ಕಪ್ಪು ಮನುಷ್ಯನು ಸಾಕ್ಷಿ ನುಡಿಯುವುದನ್ನೇ ನಿಷೇಧಿಸಿತ್ತು. ಅಂತರ್ಯುದ್ಧದ ನಂತರ, 1866ರ ನಾಗರಿಕ ಹಕ್ಕುಗಳ ಕಾಯಿದೆಯು ಸಾಕ್ಷಿ ನುಡಿಯುವ ಹಕ್ಕನ್ನು ಎಲ್ಲರಿಗೂ ನೀಡಿತು. ಕಟಕಟೆ ಏರುವ ಹಕ್ಕು ಹೀಗೆ ಶಾಸನದಿಂದ ಬಂದಿತು. ಆದರೆ ಕಟಕಟೆಯಿಂದ ಬಂದ ಮಾತನ್ನು ನಂಬುವ ಮನಸ್ಸನ್ನು ಯಾವ ಶಾಸನವೂ ಕೊಡಲಾರದು. ಮೇಕೋಮ್‌ನ ವಿಚಾರಣೆ ನಡೆಯುವುದು ಈ ಎರಡರ ನಡುವಿನ ಕಂದಕದಲ್ಲಿ.

ಕಟಕಟೆಯಲ್ಲಿ ನಾಲ್ವರು

ಇಡೀ ವಿಚಾರಣೆಯಲ್ಲಿ ಸಾಕ್ಷಿ ನುಡಿಯುವವರು ನಾಲ್ವರೇ. ಮೊದಲನೆಯವನು ಶೆರಿಫ್ ಹೆಕ್ ಟೇಟ್. ತಾನು ಹೋದಾಗ ಮೇಯೆಲ್ಲಾ ಪೆಟ್ಟು ತಿಂದು ಬಿದ್ದಿದ್ದಳೆಂದು ಆತ ಹೇಳುತ್ತಾನೆ. ಯಾವ ಕಣ್ಣಿಗೆ ಪೆಟ್ಟಾಗಿತ್ತು ಎಂಬ ಪ್ರಶ್ನೆಗೆ ಮೊದಲು ಎಡಗಣ್ಣೆಂದು ಹೇಳಿ, ಅನಂತರ ಆಕೆ ತನಗೆ ಎದುರಾಗಿ ಇದ್ದುದನ್ನು ನೆನೆದು ಬಲಗಣ್ಣೆಂದು ತಿದ್ದಿಕೊಳ್ಳುತ್ತಾನೆ. ಕುತ್ತಿಗೆಯ ಸುತ್ತಲೂ ಬೆರಳಿನ ಗುರುತುಗಳಿದ್ದುವೆಂಬುದನ್ನೂ ಒಪ್ಪುತ್ತಾನೆ. ವೈದ್ಯರನ್ನು ಕರೆಸಲಿಲ್ಲವೇಕೆ ಎಂದರೆ, ಅದರ ಅಗತ್ಯ ಕಾಣಲಿಲ್ಲ ಎಂಬ ಉತ್ತರ ಬರುತ್ತದೆ. ಒಬ್ಬ ಮನುಷ್ಯನ ಪ್ರಾಣ ಹೋಗಬಹುದಾದ ಆರೋಪದಲ್ಲಿ ವೈದ್ಯಕೀಯ ಪರೀಕ್ಷೆಯೇ ನಡೆದಿಲ್ಲ! ಟೇಟ್ ಸುಳ್ಳುಗಾರನಲ್ಲ. ಕೇಳಿದಷ್ಟನ್ನು ಹೇಳುತ್ತಾನೆ. ಆದರೆ ಕೇಳದಿದ್ದುದನ್ನು ಹುಡುಕುವ ಹೊಣೆ ತನ್ನದೆಂದು ಅವನಿಗೆ ತೋರಿಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕು ಎಂಬ ಗಾದೆಯ ಉತ್ತರಾರ್ಧವನ್ನು ಅಧಿಕಾರಸ್ಥನೇ ಮರೆತಿದ್ದಾನೆ.

ಎರಡನೆಯವನು ಯುವತಿಯ ತಂದೆ ಬಾಬ್ ಯೂವೆಲ್. ಊರ ಹೊರಗಿನ ಕಸದ ತಿಪ್ಪೆಯ ಹಿಂದೆ ವಾಸ, ಸರ್ಕಾರದ ಪರಿಹಾರಧನ ಕುಡಿತಕ್ಕೆ ಮೀಸಲು, ಮಕ್ಕಳು ಹಸಿವಿಗೆ ಮೀಸಲು. ಊರಿನ ಬಿಳಿಯರು ಅವನನ್ನು ಮನೆಯ ಬಾಗಿಲಿಗೂ ಸೇರಿಸರು. ಆದರೆ ಕಟಕಟೆ ಏರಿದೊಡನೆ ಅವನ ಬಿಳಿಯ ಚರ್ಮವೇ ಅವನ ಯೋಗ್ಯತಾಪತ್ರವಾಗುತ್ತದೆ. ಆಟಿಕಸ್ ಅವನಿಗೆ ಲಕೋಟೆಯೊಂದನ್ನೂ ಲೇಖನಿಯನ್ನೂ ಕೊಟ್ಟು ಹೆಸರು ಬರೆಯಲು ಹೇಳುತ್ತಾನೆ. ಯೂವೆಲ್ ಎಡಗೈಯಿಂದ ಬರೆಯುತ್ತಾನೆ. ಎದುರು ನಿಂತವಳ ಬಲಗಣ್ಣಿಗೆ ಪೆಟ್ಟು ಬೀಳಬೇಕಾದರೆ ಹೊಡೆದ ಕೈ ಬಹುಮಟ್ಟಿಗೆ ಎಡಗೈಯೇ ಆಗಿರಬೇಕು ಎಂಬ ತರ್ಕ ಇಲ್ಲಿಂದ ಮೊದಲಾಗುತ್ತದೆ.

ಮೂರನೆಯವಳು ಮೇಯೆಲ್ಲಾ. ಎಂಟು ಮಕ್ಕಳಲ್ಲಿ ಹಿರಿಯಳು, ತಾಯಿಯಿಲ್ಲದ ಮನೆಯ ಹೊರೆ ಹೊತ್ತವಳು. ಗೆಳೆಯರು ಯಾರು ಎಂಬ ಸಾಧಾರಣ ಪ್ರಶ್ನೆಯೂ ಆಕೆಗೆ ಅರ್ಥವಾಗುವುದಿಲ್ಲ. ಆಟಿಕಸ್ ಗೌರವದಿಂದ ಮಾತಾಡಿಸಿದರೆ ತನ್ನನ್ನು ಅಣಕಿಸುತ್ತಿದ್ದಾನೆಂದು ಸಿಡಿಯುತ್ತಾಳೆ. ಮರ್ಯಾದೆಯ ಮಾತನ್ನೇ ಕೇಳಿ ಅರಿಯದ ಜೀವ ಅದು. ತಂದೆ ಹೊಡೆಯುತ್ತಾನೆಯೇ ಎಂದಾಗ ಅವಳ ಉತ್ತರ ತಡವರಿಸುತ್ತದೆ. ಅಷ್ಟರಲ್ಲಿ ಆಟಿಕಸ್ ಆರೋಪಿಯನ್ನು ಎದ್ದು ನಿಲ್ಲಲು ಹೇಳುತ್ತಾನೆ. ಟಾಮ್‌ನ ಎಡಗೈ ಬಲಗೈಗಿಂತ ಒಂದಡಿ ಗಿಡ್ಡ. ಹುಡುಗನಾಗಿದ್ದಾಗ ಹತ್ತಿ ಬಿಡಿಸುವ ಜಿನ್ ಯಂತ್ರಕ್ಕೆ ಸಿಕ್ಕಿ ಸೊರಗಿಹೋದ ಕೈ ಅದು. ಎರಡೂ ಕೈಗಳಿಂದ ಕುತ್ತಿಗೆ ಹಿಸುಕಿದವನು, ಎಡಗೈಯಿಂದ ಗುದ್ದಿದವನು ಈತನೇ ಎಂದು ಆಕೆ ಸಾಧಿಸಬೇಕಾಗಿದೆ. ವಿವರ ಕೇಳಿದಾಗ ಮೌನ, ಆಮೇಲೆ ಅಳು, ಕಡೆಗೆ ಇನ್ನೊಂದು ಮಾತನ್ನೂ ಆಡೆನೆಂಬ ಹಟ.

ನಾಲ್ಕನೆಯವನು ಟಾಮ್. ಅವನ ಸಾಕ್ಷ್ಯವು ಬಾಯಿಂದ ಹೊರಡುವುದಕ್ಕೆ ಮೊದಲೇ ದೇಹದಿಂದ ಹೊರಡುತ್ತದೆ. ಪ್ರಮಾಣವಚನಕ್ಕಾಗಿ ಬೈಬಲ್ಲಿನ ಮೇಲೆ ಇಡಬೇಕಾದ ಎಡಗೈಯನ್ನು ಅವನು ಬಲಗೈಯಿಂದ ಎತ್ತಿ ಇಡುತ್ತಾನೆ. ಅದು ಜಾರಿ ಬೀಳುತ್ತದೆ. ಮತ್ತೆ ಇಡಲು ಹೊರಟಾಗ ಸಾಕೆಂದು ನ್ಯಾಯಾಧೀಶನೇ ತಡೆಯುತ್ತಾನೆ. ಸತ್ಯವನ್ನು ನುಡಿಯುವೆನೆಂದು ಪ್ರತಿಜ್ಞೆ ಮಾಡಲಾರದೆ ಜಾರಿದ ಆ ಕೈಯೇ ಸಭೆಯಲ್ಲಿ ಎಲ್ಲಕ್ಕಿಂತ ಸ್ಪಷ್ಟವಾದ ಸತ್ಯವನ್ನು ನುಡಿದಿದೆ. ಮಿಕ್ಕ ಕಥೆಯನ್ನು ಟಾಮ್ ಸರಳವಾಗಿ ಹೇಳುತ್ತಾನೆ. ಹೊಲಕ್ಕೆ ಹೋಗುವ ದಾರಿಯಲ್ಲಿ ಆ ಮನೆ ಸಿಗುತ್ತಿತ್ತು. ಆಕೆ ಆಗಾಗ ಕರೆದು ಸೌದೆ ಒಡೆಯುವ, ನೀರು ಹೊರುವ ಸಣ್ಣಪುಟ್ಟ ಕೆಲಸ ಮಾಡಿಸುತ್ತಿದ್ದಳು. ಅವನು ಕಾಸು ಪಡೆದವನಲ್ಲ. ಆ ದಿನ ಆಕೆ ವರ್ಷವಿಡೀ ಕೂಡಿಟ್ಟ ಚಿಲ್ಲರೆಯನ್ನು ತಮ್ಮತಂಗಿಯರಿಗೆ ಕೊಟ್ಟು ಐಸ್‌ಕ್ರೀಮ್ ತಿನ್ನಲು ಪೇಟೆಗೆ ಕಳುಹಿಸಿ, ಅವನನ್ನು ಒಳಗೆ ಕರೆದು, ತಾನೇ ಅಪ್ಪಿ ಮುತ್ತಿಟ್ಟಳು. ಕಿಟಕಿಯಲ್ಲಿ ತಂದೆಯ ಮುಖ ಕಂಡಿತು. ಟಾಮ್ ಓಡಿದನು.

ಒಂದು ಕರುಣೆಯ ಮಾತು

ಕಾದಂಬರಿಯ ಅತ್ಯಂತ ಮರ್ಮಸ್ಪರ್ಶಿಯಾದ ಘಟ್ಟ ಇದರ ನಂತರದ್ದು. ಸರ್ಕಾರಿ ವಕೀಲ ಗಿಲ್ಮರ್, ಪ್ರಾಯಕ್ಕೆ ಬಂದ ಮೂರು ಮಕ್ಕಳ ತಂದೆಯನ್ನು ಹುಡುಗನೆಂದೇ ಕರೆಯುತ್ತ, ಕಾಸಿಲ್ಲದೆ ಅಷ್ಟೊಂದು ಕೆಲಸವನ್ನು ಯಾಕೆ ಮಾಡಿಕೊಟ್ಟೆ ಎಂದು ಚುಚ್ಚಿ ಕೇಳುತ್ತಾನೆ. ಆಕೆಯ ಸ್ಥಿತಿ ಕಂಡು ಮರುಕವಾಯಿತು ಎಂದು ಟಾಮ್ ಉತ್ತರಿಸುತ್ತಾನೆ. ಸಭೆ ಸ್ತಬ್ಧವಾಗುತ್ತದೆ. ಆ ಮಾತು ಎಷ್ಟು ದೊಡ್ಡ ತಪ್ಪೆಂಬುದು ಆಡಿದವನಿಗೂ ಕೂಡಲೇ ಹೊಳೆಯುತ್ತದೆ. ಆರೋಪವನ್ನು ನಿರಾಕರಿಸಿದುದನ್ನು ಬಿಳಿಯ ಸಭೆ ಸಹಿಸಿಕೊಂಡೀತು. ಕಪ್ಪು ಮನುಷ್ಯನೊಬ್ಬನು ಬಿಳಿಯ ಹೆಣ್ಣಿಗಾಗಿ ಮರುಗುವುದನ್ನು ಮಾತ್ರ ಅದು ಸಹಿಸದು.

ಮರುಕವು ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯತಕ್ಕ ವಸ್ತು ಎಂಬುದು ಆ ಸಮಾಜದ ಬರೆಯದ ನಿಯಮ. ಉಳ್ಳವನು ಇಲ್ಲದವನಿಗೆ, ಒಡೆಯನು ಆಳಿಗೆ, ಬಿಳಿಯನು ಕರಿಯನಿಗೆ ಮರುಗಬಹುದು. ದಿಕ್ಕು ತಿರುಗಿದರೆ ಅದು ಉದ್ಧಟತನ. ದುಃಖದಲ್ಲಿರುವ ಜೀವಿಗಳ ಬಗೆಗೆ ಕಾರುಣ್ಯಭಾವವನ್ನು ತಾಳಬೇಕೆಂದು ತತ್ತ್ವಾರ್ಥಸೂತ್ರವು ವಿಧಿಸುವಾಗ ಅಲ್ಲಿ ಮೇಲು ಕೀಳಿನ ಸೋಪಾನವಿಲ್ಲ. ದುಃಖಿಯಾದ ಜೀವಿ, ಮರುಗುವ ಜೀವಿ ಇಷ್ಟೇ ಅಲ್ಲಿ ಇರುವುದು. ಟಾಮ್‌ನಲ್ಲಿ ಇದ್ದುದು ಅಂತಹ ಸಹಜವಾದ ಕಾರುಣ್ಯ. ಊರಿನಲ್ಲಿ ಯಾರೂ ತಿರುಗಿ ನೋಡದ ಆ ಯುವತಿಯನ್ನು ಮನುಷ್ಯಳೆಂದು ಕಂಡವನು ಅವನೊಬ್ಬನೇ. ಅವನ ಸಾಕ್ಷ್ಯದ ಅತ್ಯಂತ ಸತ್ಯವಾದ ವಾಕ್ಯವೇ ಅವನ ವಿರುದ್ಧದ ಅತ್ಯಂತ ಪ್ರಬಲವಾದ ಸಾಕ್ಷ್ಯವಾಗಿ ಪರಿಣಮಿಸಿತು ಎಂಬುದು ಈ ಪ್ರಕರಣದ ಕ್ರೂರ ವೈಪರೀತ್ಯ.

ಸುಳ್ಳಿನ ಬೇರುಗಳು

ಸತ್ಯವ್ರತವನ್ನು ದೃಢಪಡಿಸುವ ಭಾವನೆಗಳನ್ನು ಹೇಳುವಾಗ ಅದೇ ಗ್ರಂಥವು ಕ್ರೋಧ, ಲೋಭ, ಭಯ, ಹಾಸ್ಯ ಈ ನಾಲ್ಕನ್ನು ತ್ಯಜಿಸಬೇಕೆಂದೂ ವಿಚಾರಪೂರ್ವಕವಾಗಿ ನುಡಿಯಬೇಕೆಂದೂ ತಿಳಿಸುತ್ತದೆ. ಸುಳ್ಳನ್ನು ಕೇವಲ ನಾಲಗೆಯ ದೋಷವೆಂದು ಎಣಿಸದೆ ಅದರ ಬೇರುಗಳನ್ನು ಗುರುತಿಸುವ ಈ ವಿವೇಚನೆಯು ಮೇಕೋಮ್‌ನ ಸಭೆಯನ್ನು ಅರಿಯುವುದಕ್ಕೂ ನೆರವಾಗುತ್ತದೆ. ಬಾಬ್ ಯೂವೆಲ್‌ನ ಸುಳ್ಳಿಗೆ ಕ್ರೋಧವೂ ಹುಸಿ ಮಾನವೂ ಬೇರು. ಮೇಯೆಲ್ಲಾಳ ಸುಳ್ಳಿಗೆ ಭಯ ಬೇರು: ತಂದೆಯ ಭಯ, ಊರಿನ ಭಯ, ತಾನು ದಾಟಿದ ಗೆರೆಯ ಭಯ. ಯೂವೆಲ್ ಅಸಭ್ಯವಾಗಿ ಚಟಾಕಿ ಹಾರಿಸಿದಾಗ ಸಭಿಕರು ನಗುತ್ತಾರೆ. ಒಬ್ಬನ ಕೊರಳಿಗೆ ಕುತ್ತು ಬಂದಿರುವ ಹೊತ್ತಿನ ಆ ನಗೆಯೂ ಸುಳ್ಳಿಗೆ ನೀರೆರೆಯುತ್ತದೆ. ಲೋಭದ ಪಾತ್ರ ಇಲ್ಲಿ ಕಡಮೆ. ಸಾಕ್ಷಿಗಳನ್ನು ಯಾರೂ ಹಣಕೊಟ್ಟು ಕೊಂಡಿಲ್ಲ. ಕೊಳ್ಳುವ ಅಗತ್ಯವೇ ಬೀಳದಂತೆ ಸಮಾಜವು ಮುಂಚಿತವಾಗಿಯೇ ಸಿದ್ಧವಾಗಿತ್ತು.

ಹೀಗೆ ನೋಡಿದಾಗ ಮೇಯೆಲ್ಲಾಳನ್ನು ಕೇವಲ ಪಾಪಿಯೆಂದು ತಳ್ಳಿಬಿಡುವುದು ಸುಲಭವಲ್ಲ. ಅವಳ ಅಂಗಳದಲ್ಲಿ, ಒಡೆದು ಬಿಸುಟ ಪಾತ್ರೆಗಳಲ್ಲಿ, ಜತನದಿಂದ ಬೆಳೆಸಿದ ಕೆಂಪು ಜೆರೇನಿಯಂ ಗಿಡಗಳಿವೆ. ತಿಪ್ಪೆಯ ನಡುವೆಯೂ ಚೆಲುವಿಗಾಗಿ ಹಂಬಲಿಸಿದ ಹುಡುಗಿ ಆಕೆ. ಆದರೆ ಆಕೆಯ ದುಃಖದ ಬೆಲೆಯನ್ನು ಇನ್ನೊಬ್ಬನ ಪ್ರಾಣದಿಂದ ತೆರುವಂತಾಗಬಾರದು. ಆಟಿಕಸ್ ತನ್ನ ಅಂತಿಮ ವಾದದಲ್ಲಿ ಈ ಗೆರೆಯನ್ನೇ ಎಳೆಯುತ್ತಾನೆ. ಮರುಕ ಉಂಟು, ಆದರೆ ಅದು ನಿರಪರಾಧಿಯ ಜೀವವನ್ನು ಪಣಕ್ಕೆ ಒಡ್ಡುವಷ್ಟು ದೂರ ಹೋಗಲಾರದು.

ಕೃತ, ಕಾರಿತ, ಅನುಮೋದಿತ

ತಾನು ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡಿದುದನ್ನು ಅನುಮೋದಿಸುವುದು ಈ ಮೂರೂ ಕರ್ಮಬಂಧಕ್ಕೆ ಕಾರಣವೆಂಬುದು ಜೈನ ಆಚಾರಶಾಸ್ತ್ರವನ್ನು ಬಲ್ಲ ಕುಟುಂಬಗಳಿಗೆ ಹೊಸತಲ್ಲ. ಮೇಕೋಮ್‌ನ ಪ್ರಕರಣದಲ್ಲಿ ಸುಳ್ಳನ್ನು ನುಡಿದವಳು ಮೇಯೆಲ್ಲಾ, ತಾನೂ ನುಡಿದು ಆಕೆಯಿಂದಲೂ ನುಡಿಸಿದವನು ತಂದೆ, ಅನುಮೋದಿಸಿದವರು ಹನ್ನೆರಡು ಮಂದಿ. ಕಾದಂಬರಿಯ ಶಕ್ತಿ ಇರುವುದು ಮೂರನೆಯ ಹೊಣೆಯನ್ನು ಮೊದಲೆರಡಕ್ಕಿಂತ ಕಡಮೆಯದೆಂದು ಎಣಿಸದೆ ಇರುವುದರಲ್ಲಿ.

ಜ್ಯೂರಿ ಗಂಟೆಗಟ್ಟಲೆ ಹೊರಗೆ ಬರುವುದಿಲ್ಲ. ರಾತ್ರಿ ಬಹಳ ಹೊತ್ತಾದ ಮೇಲೆ ಬರುವಾಗ ಅವರಲ್ಲಿ ಒಬ್ಬನೂ ಟಾಮ್‌ನ ಕಡೆಗೆ ನೋಡುವುದಿಲ್ಲ. ಶಿಕ್ಷೆಗೆ ಗುರಿಮಾಡಿದವನ ಮುಖವನ್ನು ಜ್ಯೂರಿ ನೋಡದು ಎಂಬುದು ವಕೀಲನ ಮಗಳಿಗೆ ಗೊತ್ತು. ನ್ಯಾಯಾಧೀಶನು ಒಬ್ಬೊಬ್ಬರ ಅಭಿಪ್ರಾಯವನ್ನೂ ಪ್ರತ್ಯೇಕವಾಗಿ ಕೇಳುತ್ತಾನೆ. ಒಬ್ಬೊಬ್ಬರೂ ಅಪರಾಧಿಯೆಂದೇ ನುಡಿಯುತ್ತಾರೆ. ಪ್ರತಿಯೊಂದು ಮಾತೂ ಹುಡುಗ ಜೆಮ್‌ನ ಬೆನ್ನಿಗೆ ಇರಿದಂತಾಗುತ್ತದೆ. ಗುಂಪಿನ ಮರೆಯಲ್ಲಿ ಅಡಗಿದ್ದ ಅನುಮೋದನೆಯನ್ನು ಒಂದೊಂದು ಬಾಯಿಂದ ಬೇರೆ ಬೇರೆಯಾಗಿ ಹೊರಡಿಸುವ ಈ ಕ್ರಮವು ಹೊಣೆಯು ವ್ಯಕ್ತಿಯದು, ಸಮೂಹದ್ದಲ್ಲ ಎಂಬುದನ್ನು ಮನಗಾಣಿಸುತ್ತದೆ. ಅವರಲ್ಲಿ ಒಬ್ಬನು ಬಿಡುಗಡೆಯ ಪರವಾಗಿ ಬಹಳ ಹೊತ್ತು ಹಟ ಹಿಡಿದಿದ್ದನೆಂಬುದು ಆಮೇಲೆ ತಿಳಿಯುತ್ತದೆ. ಅವನ ಮನಸ್ಸಾಕ್ಷಿ ಎಚ್ಚತ್ತಿತ್ತು. ಕಡೆಗೆ ಅದೂ ಮಣಿಯಿತು.

ಈ ಹನ್ನೆರಡು ಮಂದಿ ಮೇಯೆಲ್ಲಾಳ ಮಾತನ್ನು ನಂಬಿದರೆ? ಬಹುಶಃ ಇಲ್ಲ. ಯೂವೆಲ್ ಮನೆತನದ ಮಾತಿಗೆ ಊರಿನಲ್ಲಿ ಯಾವ ಬೆಲೆಯೂ ಇರಲಿಲ್ಲ. ಆಕೆಯನ್ನು ನಂಬದಿದ್ದರೆ ಟಾಮ್‌ನನ್ನು ನಂಬಬೇಕಾಗುತ್ತಿತ್ತು. ಅದು ಅವರಿಂದ ಸಾಧ್ಯವಿರಲಿಲ್ಲ. ಎರಡು ಹೇಳಿಕೆಗಳಿದ್ದಾಗ ಎರಡರಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವಿರಬಹುದು ಎನ್ನುವ ಮಾತನ್ನು ಕೆಲವೊಮ್ಮೆ ಅನೇಕಾಂತದ ಹೆಸರಿನಲ್ಲಿಯೂ ಆಡಲಾಗುತ್ತದೆ. ಅನೇಕಾಂತವು ವಸ್ತುವನ್ನು ಎಲ್ಲ ದಿಕ್ಕುಗಳಿಂದಲೂ ನೋಡೆಂದು ಹೇಳುತ್ತದೆಯೇ ಹೊರತು ಕಣ್ಣು ಮುಚ್ಚಿಕೊಳ್ಳೆಂದು ಹೇಳುವುದಿಲ್ಲ. ಸೊರಗಿದ ಆ ಎಡಗೈಯನ್ನು ಯಾವ ದಿಕ್ಕಿನಿಂದ ನೋಡಿದರೂ ಅದು ಸೊರಗಿದ ಕೈಯೇ.

ಸ್ಕಾಟ್ಸ್‌ಬರೋ ಹೇಳುವ ಪಾಠ

ಇದು ಕಲ್ಪನೆಯ ಅತಿರೇಕವಲ್ಲವೆಂಬುದಕ್ಕೆ ಅಲಬಾಮದ ಇತಿಹಾಸವೇ ಪ್ರಮಾಣ. 1931ರ ಮಾರ್ಚ್ 25ರಂದು ಸರಕು ರೈಲೊಂದರಲ್ಲಿ ಪ್ರಯಾಣ ಮಾಡುತ್ತಿದ್ದ ಒಂಬತ್ತು ಮಂದಿ ಕಪ್ಪು ತರುಣರ ಮೇಲೆ ಇಬ್ಬರು ಬಿಳಿಯ ಯುವತಿಯರು ಅತ್ಯಾಚಾರದ ದೂರು ಕೊಟ್ಟರು. ಕೆಲವೇ ದಿನಗಳಲ್ಲಿ ಸ್ಕಾಟ್ಸ್‌ಬರೋ ಊರಿನಲ್ಲಿ ವಿಚಾರಣೆ ಮುಗಿದು ಎಂಟು ಮಂದಿಗೆ ಮರಣದಂಡನೆಯಾಯಿತು. ಸರಿಯಾದ ವಕೀಲರ ನೆರವು ದೊರೆತಿರಲಿಲ್ಲವೆಂಬ ಕಾರಣದಿಂದ 1932ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪುಗಳನ್ನು ರದ್ದುಪಡಿಸಿತು. 1933ರಲ್ಲಿ ಡೆಕಟರ್ ಊರಿನಲ್ಲಿ ಮರುವಿಚಾರಣೆ ನಡೆದಾಗ, ದೂರು ಕೊಟ್ಟವರಲ್ಲಿ ಒಬ್ಬಳಾದ ರೂಬಿ ಬೇಟ್ಸ್ ಆರೋಪಿಗಳ ಪರವಾಗಿಯೇ ಕಟಕಟೆಗೆ ಬಂದು, ಅಂತಹ ಕೃತ್ಯ ನಡೆಯಲೇ ಇಲ್ಲವೆಂದು ನುಡಿದಳು.

ನುಡಿದವಳು ಬಿಳಿಯಳು, ದೂರು ಕೊಟ್ಟವಳು, ಸುಳ್ಳನ್ನು ತಾನೇ ಹಿಂತೆಗೆದುಕೊಂಡವಳು. ಆದರೂ ಜ್ಯೂರಿಯು ಹೇವುಡ್ ಪ್ಯಾಟರ್ಸನ್‌ನನ್ನು ಅಪರಾಧಿಯೆಂದು ಸಾರಿ ಮರಣದಂಡನೆಯನ್ನೇ ವಿಧಿಸಿತು. ಬೇಟ್ಸ್ ಹೊರಗಿನವರ ಹಣಕ್ಕೆ ಮಾರಿಕೊಂಡವಳೆಂಬ ಭಾವನೆಯನ್ನು ಬಿತ್ತಲಾಯಿತು. ನ್ಯಾಯಾಧೀಶ ಜೇಮ್ಸ್ ಹಾರ್ಟನ್ ಸಾಕ್ಷ್ಯವನ್ನು ತೂಗಿನೋಡಿ ಆ ತೀರ್ಪನ್ನು ತಳ್ಳಿಹಾಕಿದರು. ಮರುವರ್ಷದ ಚುನಾವಣೆಯಲ್ಲಿ ಅವರು ಸೋತರು. 1935ರ ಏಪ್ರಿಲ್‌ನಲ್ಲಿ, ಜ್ಯೂರಿಯ ಪಟ್ಟಿಯಿಂದ ಕಪ್ಪು ಜನರನ್ನು ಹೊರಗಿಟ್ಟುದು ಸಂವಿಧಾನಬಾಹಿರವೆಂದು ಸರ್ವೋಚ್ಚ ನ್ಯಾಯಾಲಯವು ಇದೇ ಪ್ರಕರಣದ ಇನ್ನೊಬ್ಬ ಆರೋಪಿ ಕ್ಲಾರೆನ್ಸ್ ನಾರಿಸ್‌ನ ಮೇಲ್ಮನವಿಯಲ್ಲಿ ತೀರ್ಪಿತ್ತಿತು. ಹಾರ್ಪರ್ ಲೀ ಅವರ ಕಲ್ಪಿತ ವಿಚಾರಣೆ ನಡೆಯುವುದು ಅದೇ ವರ್ಷದ ಬೇಸಿಗೆಯಲ್ಲಿ. ಅಲ್ಲಿನ ಜ್ಯೂರಿಯಲ್ಲಿ ಮಾತ್ರ ಹನ್ನೆರಡೂ ಬಿಳಿಯ ಮುಖಗಳೇ. ನಾರಿಸ್‌ಗೆ ರಾಜ್ಯಪಾಲರ ಕ್ಷಮೆ ದೊರೆತುದು 1976ರಲ್ಲಿ. ಪ್ಯಾಟರ್ಸನ್ ಮೊದಲಾದ ಮೂವರಿಗೆ 2013ರಲ್ಲಿ, ಮರಣೋತ್ತರವಾಗಿ.

ರೂಬಿ ಬೇಟ್ಸ್‌ಳ ಪ್ರಸಂಗವು ಒಂದು ಮುಖ್ಯವಾದ ತಿದ್ದುಪಡಿಯನ್ನು ಸೂಚಿಸುತ್ತದೆ. ಸಾಕ್ಷಿಯ ಬಣ್ಣ ನೋಡಿ ಮಾತಿಗೆ ಬೆಲೆ ಕಟ್ಟಲಾಗುತ್ತದೆ ಎಂದರೆ ಅರ್ಧ ಸತ್ಯವನ್ನು ಹೇಳಿದಂತಾಯಿತು. ಕೇಳುವವರು ಮೊದಲೇ ತೀರ್ಮಾನಿಸಿಕೊಂಡ ಮಾತನ್ನು ಯಾರು ಆಡಿದರೂ ಅದು ಸತ್ಯ, ಅದಕ್ಕೆ ವಿರುದ್ಧವಾದುದನ್ನು ಬಿಳಿಯ ಹೆಣ್ಣೇ ಪ್ರಮಾಣ ಮಾಡಿ ಹೇಳಿದರೂ ಅದು ಸುಳ್ಳು. ಕೂಟಸಾಕ್ಷ್ಯವು ಹುಟ್ಟುವುದು ನುಡಿಯುವವನ ಬಾಯಲ್ಲಿ. ಅದು ಪೂರ್ಣಗೊಳ್ಳುವುದು ಕೇಳುವವನ ಕಿವಿಯಲ್ಲಿ.

ವಕೀಲನ ಧರ್ಮ

ಆಟಿಕಸ್‌ನನ್ನು ಆದರ್ಶಪುರುಷನೆಂದು ಕೊಂಡಾಡುವ ಪರಂಪರೆಗೆ ಕಾನೂನು ವಿದ್ವಾಂಸರೇ ಆಕ್ಷೇಪ ಎತ್ತಿದ್ದಾರೆ. 1992ರಲ್ಲಿ ಮನ್ರೋ ಫ್ರೀಡ್ಮನ್, ಆಟಿಕಸ್ ನ್ಯಾಯಾಲಯದ ನೇಮಕದಿಂದ ಈ ಮೊಕದ್ದಮೆಗೆ ಬಂದವನೇ ಹೊರತು ವರ್ಣಭೇದದ ವ್ಯವಸ್ಥೆಯನ್ನು ಬದಲಿಸಲು ತಾನಾಗಿ ಮುಂದೆ ಬಂದವನಲ್ಲವೆಂದು ಬರೆದರು. 1999ರಲ್ಲಿ ಸ್ಟೀವನ್ ಲ್ಯೂಬೆಟ್, ದೂರು ಕೊಟ್ಟ ಹೆಣ್ಣನ್ನೇ ಬಯಸಿ ಬಂದವಳೆಂದು ತೋರಿಸುವ ಅವನ ವಾದದ ನೈತಿಕತೆಯನ್ನು ಪ್ರಶ್ನಿಸಿದರು. ಹೆಣ್ಣಿನ ದೂರನ್ನು ನಂಬದೆ ಇರುವುದೂ ಕಿವಿಯ ಪೂರ್ವಗ್ರಹವೇ ಎಂಬ ಈ ಎಚ್ಚರಿಕೆಯನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಆಟಿಕಸ್‌ನ ವಾದ ನಿಂತಿರುವುದು ಮೇಯೆಲ್ಲಾಳ ನಡತೆಯೊಂದರ ಮೇಲೆಯೇ ಅಲ್ಲ. ಬಲಗಣ್ಣಿನ ಪೆಟ್ಟು, ಕೊರಳ ಸುತ್ತಲಿನ ಗುರುತು, ನಿಷ್ಕ್ರಿಯವಾದ ಎಡಗೈ ಇವು ಯಾರ ನಡತೆಯನ್ನೂ ಅವಲಂಬಿಸದ ಪ್ರಮಾಣಗಳು.

ಇನ್ನೊಂದು ಪ್ರಶ್ನೆಯನ್ನು ಕೇಳದೆ ಇರುವಂತಿಲ್ಲ. ಟಾಮ್‌ನ ಪರವಾಗಿ ಆಟಿಕಸ್ ಅವನೊಬ್ಬನನ್ನೇ ಕಟಕಟೆಗೆ ಕರೆಯುತ್ತಾನೆ. ಟಾಮ್‌ಗೆ ಎಂಟು ವರ್ಷ ಕೆಲಸ ಕೊಟ್ಟಿದ್ದ ಬಿಳಿಯ ಒಡೆಯ ಲಿಂಕ್ ಡೀಸ್, ಅವನಿಂದ ತನಗೆ ಎಂದೂ ತೊಂದರೆಯಾಗಲಿಲ್ಲವೆಂದು ಸಭೆಯ ನಡುವೆ ತಾನಾಗಿ ಎದ್ದು ಕೂಗುತ್ತಾನೆ. ಕ್ರಮ ಮೀರಿದನೆಂದು ನ್ಯಾಯಾಧೀಶನು ಅವನನ್ನು ಹೊರಗೆ ಕಳುಹಿಸುತ್ತಾನೆ. ಪ್ರಮಾಣ ಮಾಡಿದ ಸುಳ್ಳಿಗೆ ಒಳಗೆ ಜಾಗವಿದೆ, ಪ್ರಮಾಣವಿಲ್ಲದೆ ಆಡಿದ ಸತ್ಯಕ್ಕೆ ಬಾಗಿಲು ತೋರಿಸಲಾಗಿದೆ. ಇವನನ್ನು ಕ್ರಮಬದ್ಧವಾಗಿ ಕರೆಯಬಹುದಾಗಿತ್ತಲ್ಲವೇ? ಕಾದಂಬರಿ ಇದಕ್ಕೆ ಉತ್ತರ ಕೊಡುವುದಿಲ್ಲ.

ಬಾಲ್ಕನಿಯ ಮೌನ

ಕೊರತೆಗಳೂ ಇಲ್ಲದಿಲ್ಲ. ಬಾಲ್ಕನಿಯಲ್ಲಿ ಕುಳಿತ ಕಪ್ಪು ಜನರು ಈ ತೀರ್ಪಿನ ಬಗೆಗೆ ತಮ್ಮತಮ್ಮಲ್ಲಿ ಏನು ಮಾತನಾಡಿಕೊಂಡರು ಎಂಬುದು ಓದುಗರಿಗೆ ತಿಳಿಯುವುದಿಲ್ಲ. ಆಟಿಕಸ್ ಹೊರಡುವಾಗ ಅವರು ಗೌರವದಿಂದ ಎದ್ದು ನಿಲ್ಲುವುದಷ್ಟೇ ಕಾಣುತ್ತದೆ. ಟಾಮ್‌ನ ಮಾತು ಕೇಳಿಸುವುದೂ ವಕೀಲರ ಪ್ರಶ್ನೆಗಳ ನಡುವೆ ಮಾತ್ರ. ಸೆರೆಮನೆಯಲ್ಲಿ ಅವನಿಗೆ ಏನೆನ್ನಿಸಿತು, ಮೇಲ್ಮನವಿಯ ಭರವಸೆಯನ್ನು ಅವನು ಯಾಕೆ ಕಳೆದುಕೊಂಡನು ಎಂಬುದು ಅವನ ಬಾಯಿಂದ ಬರುವುದಿಲ್ಲ. ಬೇಲಿ ಹತ್ತಿ ಓಡಲು ಯತ್ನಿಸಿದನೆಂದೂ ಕಾವಲುಗಾರರು ಹದಿನೇಳು ಗುಂಡು ಹೊಡೆದರೆಂದೂ ಸುದ್ದಿಯಾಗಿ ಮಾತ್ರ ತಿಳಿಯುತ್ತದೆ. ಬಿಳಿಯ ಹುಡುಗಿಯ ಅರಿವು ಬೆಳೆಯುವುದಕ್ಕೆ ಕಪ್ಪು ಮನುಷ್ಯನ ಸಾವು ಸಾಧನವಾಯಿತೇ ಎಂಬ ಟೀಕೆಗೆ ಇಲ್ಲಿ ಆಧಾರವಿದೆ. 2018ರಲ್ಲಿ ಬ್ರಾಡ್‌ವೇ ರಂಗಭೂಮಿಗಾಗಿ ಆರನ್ ಸಾರ್ಕಿನ್ ಮಾಡಿದ ರೂಪಾಂತರವು ಟಾಮ್‌ಗೂ, ಆಟಿಕಸ್‌ನ ಮನೆಗೆಲಸದ ಕ್ಯಾಲ್ಪರ್ನಿಯಾಳಿಗೂ ಹೆಚ್ಚಿನ ಮಾತನ್ನು ಕೊಟ್ಟುದು ಈ ಕೊರತೆಯನ್ನು ಅರಿತೇ. ಮೇಯೆಲ್ಲಾಳ ಗತಿಯೂ ಹೆಚ್ಚುಕಡಮೆ ಇದೇ. ವಿಚಾರಣೆ ಮುಗಿದ ಮೇಲೆ ಆಕೆಯನ್ನು ಊರೂ ವಿಚಾರಿಸುವುದಿಲ್ಲ, ಕಾದಂಬರಿಯೂ ವಿಚಾರಿಸುವುದಿಲ್ಲ.

ಕೊನೆಯ ಅಸತ್ಯ

ಕಾದಂಬರಿಯ ಅ೦ತ್ಯವು ಓದುಗರನ್ನು ಇನ್ನೂ ಕಠಿಣವಾದ ಪ್ರಶ್ನೆಗೆ ಒಯ್ಯುತ್ತದೆ. ಸೇಡು ತೀರಿಸಿಕೊಳ್ಳಲು ಬಾಬ್ ಯೂವೆಲ್ ಕತ್ತಲಲ್ಲಿ ಆಟಿಕಸ್‌ನ ಮಕ್ಕಳ ಮೇಲೆ ಎರಗುತ್ತಾನೆ. ವರ್ಷಾನುಗಟ್ಟಲೆ ಮನೆಯಿಂದ ಹೊರಬೀಳದೆ ಇದ್ದ ನೆರೆಯವನಾದ ಬೂ ರಾಡ್ಲಿ ಮಕ್ಕಳನ್ನು ಉಳಿಸುತ್ತಾನೆ. ಯೂವೆಲ್ ಸಾಯುತ್ತಾನೆ. ಅವನು ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸತ್ತನೆಂದು ಶೆರಿಫ್ ಟೇಟ್ ಸಾರಿಬಿಡುತ್ತಾನೆ. ಜನರ ಕಣ್ಣಿಗೆ ಬೀಳಲು ಅಂಜುವ ಆ ಸಾಧುಜೀವಿಯನ್ನು ಬೆಳಕಿಗೆ ಎಳೆಯುವುದು ಪಾಪವೆಂಬುದು ಅವನ ನಿಲುವು. ಇತರ ಹಕ್ಕಿಗಳ ದನಿಗಳನ್ನು ಅನುಕರಿಸಿ ಹಾಡುವ, ಯಾರಿಗೂ ಕೇಡು ಮಾಡದ ಮಾಕಿಂಗ್‌ಬರ್ಡ್ ಹಕ್ಕಿಯನ್ನು ಕೊಂದಂತಾದೀತು ಎಂದು ಸ್ಕೌಟ್ ಅದನ್ನು ಅರ್ಥಮಾಡಿಕೊಳ್ಳುತ್ತಾಳೆ.

ವಿಪತ್ತನ್ನು ತರುವ ಸತ್ಯವನ್ನು ಕೂಡ ಗೃಹಸ್ಥನು ನುಡಿಯಬಾರದೆಂದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಸತ್ಯಾಣುವ್ರತದ ಲಕ್ಷಣದಲ್ಲಿಯೇ ಸೇರಿಸಿದೆ. ಟೇಟ್‌ನ ಮಾತಿಗೆ ಇಲ್ಲಿ ಸಮರ್ಥನೆ ದೊರೆಯಿತೆಂದು ಅವಸರದಿಂದ ಹೇಳುವಂತಿಲ್ಲ. ನುಡಿಯದೆ ಉಳಿಯುವುದು ಒಂದು, ನಡೆಯದ ಘಟನೆಯನ್ನು ಕಟ್ಟಿ ಹೇಳುವುದು ಇನ್ನೊಂದು. ಆದರೂ ಅವನ ಮಾತಿನ ಬೇರು ಕ್ರೋಧವಲ್ಲ, ಭಯವಲ್ಲ, ಲೋಭವೂ ಅಲ್ಲ. ಅದು ದಯೆ. ಅದರಿಂದ ಯಾವ ನಿರಪರಾಧಿಯ ಕೊರಳಿಗೂ ಹಗ್ಗ ಬೀಳುವುದಿಲ್ಲ. ಯೂವೆಲ್‌ನ ಸುಳ್ಳಿನಿಂದ ಅದನ್ನು ಬೇರ್ಪಡಿಸುವ ಗೆರೆ ಇದೇ.

ಆದರೆ ಈ ದಯೆಗೂ ಒಂದು ಎಲ್ಲೆಯಿತ್ತು ಎಂಬುದನ್ನು ಮರೆಯಬಾರದು. ಬೂ ರಾಡ್ಲಿಗಾಗಿ ಕಾನೂನಿನ ಕ್ರಮವನ್ನೇ ಪಕ್ಕಕ್ಕೆ ಸರಿಸಿದ ಈ ಅಧಿಕಾರಿಯೇ, ಟಾಮ್‌ನ ವಿಷಯದಲ್ಲಿ ವೈದ್ಯರನ್ನು ಕರೆಸುವಷ್ಟು ಕಾನೂನಿನ ಕ್ರಮವನ್ನೂ ಪಾಲಿಸಿರಲಿಲ್ಲ. ಒಬ್ಬನಿಗಾಗಿ ನಿಯಮವನ್ನು ಮೀರಿ ದಯೆ, ಇನ್ನೊಬ್ಬನಿಗೆ ನಿಯಮದೊಳಗಿನ ಎಚ್ಚರಿಕೆಯೂ ಇಲ್ಲ. ಬೂ ಬಿಳಿಯನು, ಟಾಮ್ ಕರಿಯನು. ಲೇಖಕಿ ಈ ಹೋಲಿಕೆಯನ್ನು ಎತ್ತಿ ತೋರಿಸುವುದಿಲ್ಲ. ಕೃತಿಯ ಒಳಗೇ ಇರುವ ಅದನ್ನು ಓದುಗರು ಕಂಡುಕೊಳ್ಳಬೇಕು.

ಸುಳ್ಳುಸಾಕ್ಷಿ ನುಡಿಯಬಾರದೆಂಬ ನೀತಿಯನ್ನು ಮಕ್ಕಳಿಗೂ ಕಲಿಸಲಾಗುತ್ತದೆ. ಸಾಕ್ಷಿಯನ್ನು ಕೇಳುವಾಗ ಹೇಗೆ ಕುಳಿತಿರಬೇಕು ಎಂಬುದನ್ನು ಹಿರಿಯರಿಗೂ ಕಲಿಸುವವರಿಲ್ಲ. ಮನೆಯ ಜಗಲಿಯಲ್ಲಿ ವ್ಯಾಜ್ಯ ತೀರಿಸುವ ಯಜಮಾನನಾಗಲಿ, ನೌಕರನ ಮೇಲಿನ ದೂರನ್ನು ವಿಚಾರಿಸುವ ಆಡಳಿತ ಮಂಡಲಿಯಾಗಲಿ, ಕುಳಿತುಕೊಳ್ಳುವುದು ಜ್ಯೂರಿಯ ಆಸನದಲ್ಲಿಯೇ. ಯಾರು ಹೇಳಿದರು ಎಂಬ ಪ್ರಶ್ನೆಯು ಏನು ಹೇಳಿದರು ಎಂಬುದಕ್ಕಿಂತ ಮೊದಲು ಮನಸ್ಸಿಗೆ ಬಂದರೆ, ಮೇಕೋಮ್ ಬಹಳ ದೂರದ ಊರೇನೂ ಅಲ್ಲ.